ಏಳು ಚಮಚ ಕಬ್ಬಿಣ

"ನಿಲ್ಸಿ!"

ಹವಿಲಿ ಮೇಷ್ಟ್ರು ಕೈ ಎತ್ತಿದ ಕೂಡಲೇ ನಗಾರಿ ನಿಂತಿತು. ಆ ಪುಟ್ಟ ದ್ವೀಪದ ಚರ್ಚಿನ ಹಾಲ್‌ನಲ್ಲಿ ಚಾಪೆಯ ಮೇಲೆ ಎರಡು ಸಾಲು ಮಕ್ಕಳು ಚಕ್ಕಳಮಕ್ಕಳ ಹಾಕಿ ಕುಳಿತಿದ್ದರು. ಹಿಂದೆ ಒಂದು ಸಾಲು ಬೆಂಚಿನ ಮೇಲೆ ನಿಂತಿತ್ತು. ಎಲ್ಲರ ಕೈಗಳೂ ಗಾಳಿಯಲ್ಲೇ ನಿಂತವು.

"ಯಾರ ಕಾಲು ಅದು?"

ಮುಂದಿನ ಸಾಲಿನ ನಡುವಿನಿಂದ ಒಂದು ಕಾಲು ನೆಟ್ಟಗೆ ಹೊರಗೆ ಚಾಚಿಕೊಂಡಿತ್ತು. ಅಂಗಾಲು ಸರಿಯಾಗಿ, ನೋಡಲು ಬಂದು ಎದುರಿಗೆ ಕುಳಿತಿದ್ದ ಪಾದ್ರಿಗಳ ಹೆಂಡತಿಯ ಮುಖಕ್ಕೇ ತಿರುಗಿತ್ತು.

ಲೆಸಿಯೇಲಿ ತಟ್ಟನೆ ಕಾಲು ಒಳಗೆಳೆದುಕೊಂಡಳು. "ನಂದೇ ಸರ್. ಸಾರಿ ಸರ್."

"ದೊಡ್ಡೋರ ಮುಂದೆ ಕಾಲು ಚಾಚ್ತಾರಾ? ಎಷ್ಟನೇ ಸಲ ಇದು?"

"ಆರನೇದು ಸರ್!" ಬೆಂಚಿನ ಸಾಲಿನಿಂದ ಸೆಮಿಸಿ ಕೂಗಿದ. ಅವನು ಲೆಸಿಯೇಲಿಯ ಚಿಕ್ಕಪ್ಪನ ಮಗ. "ಇವತ್ತಿಂದು ಮಾತ್ರ ಸರ್. ನಿನ್ನೇದು ಬೇರೆ ಇದೆ."

ಹಾಲ್ ತುಂಬ ನಗು. ಮೇಷ್ಟ್ರು ನಗಲಿಲ್ಲ.

"ಕೂತ್ಕೊಂಡು ಕುಣಿಯೋ ಕುಣಿತ ಕಣಮ್ಮ ಇದು. ಕೈ ಮಾತಾಡ್ಬೇಕು, ಕಾಲು ಬಾಯಿ ಮುಚ್ಕೊಂಡಿರ್ಬೇಕು. ನಡುವಿನ ಜಾಗ ನಿಂಗೆ ಯಾಕೆ ಕೊಟ್ಟೆ? ನಿನ್ನ ಕೈ ಚೆನ್ನಾಗಿದೆ ಅಂತ. ಶಾಲೆ ಜುಬಿಲಿಗೆ ಇನ್ನು ಎರಡು ವಾರ ಇದೆ. ಊರ ದೊರೆಗಳು ಎದುರಿಗೇ ಕೂತಿರ್ತಾರೆ. ಅಲ್ಲೂ ಹಿಂಗೇ ಕಾಲು ಚಾಚಿದ್ರೆ?"

ಲೆಸಿಯೇಲಿ ಮೊಣಕಾಲನ್ನು ಕೈಯಿಂದ ಒತ್ತಿ ಹಿಡಿದಳು. ಕಾಲನ್ನು ಅವಳು ಚಾಚಿರಲಿಲ್ಲ. ಅದೇ ಚಾಚಿಕೊಂಡಿತ್ತು. ದಿನಾ ಸಂಜೆ ಹೀಗೇ. ಸುಮ್ಮನೆ ಕುಳಿತರೆ ಸಾಕು, ಮೀನಖಂಡದ ಒಳಗೆ ಸೋಡಾ ಬಾಟ್ಲಿ ತೆರೆದಂತೆ ಬುಸುಬುಸು ಶುರುವಾಗುತ್ತಿತ್ತು. ನೋವಲ್ಲ, ತುರಿಕೆಯಲ್ಲ. ಅಲ್ಲಾಡಿಸಿದರೆ ಒಂದು ಗಳಿಗೆ ಹೋಗುತ್ತದೆ. ನಿಲ್ಲಿಸಿದರೆ ಮತ್ತೆ ಬರುತ್ತದೆ.

"ಕಾಲು ಹದಕ್ಕೆ ಬರದಿದ್ರೆ ನಡುವಿನ ಜಾಗಕ್ಕೆ ಬೇರೆ ಯಾರನ್ನಾದ್ರೂ ನೋಡ್ತೀನಿ," ಎಂದರು ಮೇಷ್ಟ್ರು.

ನಗಾರಿ ಮತ್ತೆ ಶುರುವಾಯಿತು. ಲೆಸಿಯೇಲಿ ಒಂದು ಕಾಲಿನ ಹೆಬ್ಬೆರಳನ್ನು ಇನ್ನೊಂದು ಕಾಲಿನ ಕೆಳಗೆ ಸಿಕ್ಕಿಸಿ, ಹಲ್ಲು ಕಚ್ಚಿ ಕುಳಿತಳು.

ಮನೆಯಲ್ಲೂ ಇದೇ ಕತೆ. ಸಂಜೆಯ ಪ್ರಾರ್ಥನೆಗೆ ಎಲ್ಲರೂ ಚಾಪೆಯ ಮೇಲೆ ಕುಳಿತಾಗ ಅವಳ ಮೊಣಕಾಲು ಕುಣಿಯುತ್ತಿತ್ತು. ಮಲಗಿದರೆ ಪಕ್ಕದವರಿಗೆ ಒದೆ ಬೀಳುತ್ತಿತ್ತು. ಆ ಮನೆಯಲ್ಲಿ ಮಕ್ಕಳು ಏಳು ಜನ. ಲೆಸಿಯೇಲಿ, ಸೆಮಿಸಿ, ಆಮೇಲೆ ಇಬ್ಬರ ತಮ್ಮಂದಿರು, ತಂಗಿಯರು. ಎಲ್ಲರಿಗಿಂತ ಚಿಕ್ಕವಳು ಮೂರು ವರ್ಷದ ಹಿನಾ. ಅಪ್ಪ, ಅಮ್ಮ, ಚಿಕ್ಕಪ್ಪ, ಚಿಕ್ಕಮ್ಮ ನಾಲ್ವರೂ ಸೇಬು ಕೀಳಲು ನ್ಯೂಜಿಲೆಂಡಿಗೆ ಹೋಗಿದ್ದರು. ಏಳೂ ಮಕ್ಕಳಿಗೆ ಅಜ್ಜಿಯೇ ಎಲ್ಲ.

ಅಜ್ಜಿ ಮೊದಲು ಕೊಬ್ಬರಿ ಎಣ್ಣೆ ತಿಕ್ಕಿ ನೋಡಿದಳು. ಆಮೇಲೆ ಒಂದು ಬೆಳಿಗ್ಗೆ ಕುಡುಗೋಲು ಹಿಡಿದು ತಾತನ ಸಮಾಧಿಗೆ ಹೋದಳು. ಸತ್ತವರ ಮೂಳೆಗೆ ಮರದ ಬೇರು ಚುಚ್ಚಿದರೆ ಬದುಕಿದವರಿಗೆ ಅದೇ ಜಾಗದಲ್ಲಿ ಕಾಟ ಶುರುವಾಗುತ್ತದೆ ಎಂಬುದು ಅವಳ ನಂಬಿಕೆ. ತಾತನ ಕಾಲ ಬುಡದಲ್ಲಿ ಒಂದು ದಾಸವಾಳದ ಸಸಿ ಎದ್ದಿತ್ತು. ಅದನ್ನು ಬೇರುಸಹಿತ ಕಿತ್ತು, ಬಿಳಿ ಮರಳು ಹರಡಿ, "ಕಾಲು ನೋವಾಯ್ತೇನೋ ನಿಂಗೆ? ಈಗ ಮಲಕ್ಕೋ. ನನ್ನ ಮೊಮ್ಮಗಳನ್ನ ಬಿಟ್ಬಿಡು," ಎಂದು ಹೇಳಿ ಬಂದಳು.

ಅಂದು ಸಂಜೆ ಸೆಮಿಸಿ ಲೆಸಿಯೇಲಿಯ ಕಾಲನ್ನೇ ನೋಡುತ್ತ ಕುಳಿತ. ಸ್ವಲ್ಪ ಹೊತ್ತಿಗೆ ಅದು ಕುಣಿಯತೊಡಗಿತು.

"ಅಜ್ಜೀ, ತಾತ ಇನ್ನೂ ಎದ್ದಿದ್ದಾನೆ!"

ಮರುದಿನ ಅಜ್ಜಿ ಲೆಸಿಯೇಲಿಯನ್ನು ಕೈ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಆಸ್ಪತ್ರೆ ಎಂದರೆ ಎರಡೇ ಕೋಣೆ. ಇರುವುದು ಒಬ್ಬರೇ ನರ್ಸ್, ಎಸೇತಾ. ಅವರು ಲೆಸಿಯೇಲಿಯ ಕಣ್ಣ ರೆಪ್ಪೆ ಕೆಳಗೆಳೆದು ನೋಡಿದರು, ಉಗುರು ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು:

"ಐಸ್ ತಿನ್ಬೇಕು ಅನ್ಸುತ್ತಾ ನಿಂಗೆ? ಕಟಕಟ ಅಂತ ಅಗೀಬೇಕು ಅಂತ?"

ಲೆಸಿಯೇಲಿ ಕೈಗಳನ್ನು ಬೆನ್ನ ಹಿಂದೆ ಅಡಗಿಸಿದಳು. ಅಂಗಡಿಯ ಫ್ರೀಜರ್‌ನ ಗೋಡೆಯಿಂದ ಬಿಳಿ ಮಂಜು ಕೆರೆದು ಅವಳು ದಿನಾ ಕದ್ದು ತಿನ್ನುತ್ತಿದ್ದಳು.

"ಸೆಮಿಸಿ ಹೇಳಿದ್ನಾ?"

"ಯಾರೂ ಹೇಳ್ಲಿಲ್ಲ. ಸುಮಾರು ಮಕ್ಕಳನ್ನ ನೋಡಿದೀನಿ, ಅದಕ್ಕೇ ಕೇಳ್ದೆ." ನರ್ಸ್ ಅವಳ ಬೆರಳಿಗೆ ಚುಚ್ಚಿ ಒಂದು ತೊಟ್ಟು ರಕ್ತ ತೆಗೆದು ಪುಟ್ಟ ಯಂತ್ರಕ್ಕೆ ಕೊಟ್ಟರು. ಯಂತ್ರ ಯೋಚಿಸಿ, 9.2 ಎಂದು ತೋರಿಸಿತು.

"ಹನ್ನೊಂದೂವರೆ ಮೇಲಿರ್ಬೇಕಿತ್ತು," ಎಂದರು ನರ್ಸ್. "ನೋಡು, ರಕ್ತ ಕೆಂಪಗಿದೆ ಅಲ್ವಾ? ಅದರಲ್ಲಿರೋ ಹಿಮೋಗ್ಲೋಬಿನ್‌ನಿಂದ. ನೀನು ಎಳ್ಕೊಂಡ ಉಸಿರನ್ನ ಮೈಯೆಲ್ಲ ಹೊತ್ಕೊಂಡು ಹೋಗೋದು ಅದೇ. ಅದು ತಯಾರಾಗೋಕೆ ಕಬ್ಬಿಣ ಬೇಕು. ನಿನ್ನ ಹತ್ರ ಕಬ್ಬಿಣ ಕಮ್ಮಿ ಇದೆ."

"ಕಬ್ಬಿಣ? ಮೊಳೆ ಥರದ್ದಾ?"

"ಅದೇ ಕಬ್ಬಿಣ. ಆದ್ರೆ ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣದು. ಅದು ಖಾಲಿಯಾದ್ರೆ ಕೆಲವರ ಕಾಲು ಸುಮ್ಮನಿರಲ್ಲ." ನರ್ಸ್ ಅಜ್ಜಿಯ ಕಡೆ ತಿರುಗಿದರು. "ಅಜ್ಜಿ, ಮನೇಲಿ ಏನು ಊಟ?"

"ಬೆಳಿಗ್ಗೆ ಚಹಾ, ಬ್ರೆಡ್ಡು. ಮಧ್ಯಾಹ್ನ ಮರಗೆಣಸು, ಚಹಾ. ರಾತ್ರಿ ನೂಡಲ್ಸು..."

"ಅದಾದ್ಮೇಲೆ ಚಹಾ," ಎಂದರು ನರ್ಸ್.

"ಮತ್ತೆ? ಚಹಾ ಇಲ್ದೆ ಊಟ ಇಳಿಯುತ್ತಾ?"

"ಊಟದಲ್ಲಿರೋ ಕಬ್ಬಿಣಾನ ಚಹಾ ಹಿಡ್ಕೊಂಡು ಹೊರಗೆ ಕರ್ಕೊಂಡು ಹೋಗುತ್ತೆ ಅಜ್ಜಿ. ಹೊಟ್ಟೇಲಿ ಹುಳ ಇದ್ರೂ ಕಷ್ಟ." ನರ್ಸ್ ಮೇಜಿನ ಮೇಲೆ ಎರಡು ಔಷಧಿ ಇಟ್ಟರು. "ಈ ಮಾತ್ರೆ ಹುಳಕ್ಕೆ. ಏಳೂ ಮಕ್ಕಳಿಗೆ ಒಂದೊಂದು. ಈ ಬಾಟ್ಲಿ ಕಬ್ಬಿಣದ್ದು, ಲೆಸಿಗೆ ಮಾತ್ರ. ದಿನಕ್ಕೆ ಒಂದು ಚಮಚ. ಇಪ್ಪತ್ತು ದಿನಕ್ಕೆ ಬರುತ್ತೆ. ಸದ್ಯಕ್ಕೆ ನನ್ನ ಹತ್ರ ಇರೋದು ಇದೊಂದೇ."

"ಎರಡು ವಾರದಲ್ಲಿ ಕಾಲು ಸರಿಯಾಗುತ್ತಾ?" ಲೆಸಿಯೇಲಿ ಅವಸರದಿಂದ ಕೇಳಿದಳು.

"ಕೆಲವರಿಗೆ ಎರಡು ವಾರಕ್ಕೇ ಹಗುರಾಗುತ್ತೆ. ಕೆಲವರಿಗೆ ಎರಡು ತಿಂಗಳು. ಒಂದು ದಿನಾನೂ ತಪ್ಪಿಸ್ಬೇಡ."

ಲೆಸಿಯೇಲಿ ಬಾಟ್ಲಿಯನ್ನು ಎರಡೂ ಕೈಯಲ್ಲಿ ಹಿಡಿದು ಮನೆಗೆ ಬಂದಳು.

ಅಂದು ಸಂಜೆ ಅಜ್ಜಿ ಏಳು ಮಕ್ಕಳನ್ನೂ ಸಾಲಾಗಿ ನಿಲ್ಲಿಸಿದಳು. ಎಲ್ಲರಿಗೂ ಹುಳದ ಮಾತ್ರೆ ಕೊಟ್ಟಳು. ಆಮೇಲೆ ಬಾಟ್ಲಿ ತೆರೆದು ಲೆಸಿಯೇಲಿಯ ಬಾಯಿಗೆ ಒಂದು ಚಮಚ ಹಾಕಿದಳು. ಕಿತ್ತಳೆ ಹಣ್ಣಿನ ಸಿಹಿ ವಾಸನೆ ಮನೆಯಲ್ಲಿ ಹರಡಿತು.

ಯಾರೂ ಸಾಲು ಬಿಟ್ಟು ಹೋಗಲಿಲ್ಲ.

ಹಿನಾ ಬಾಯಿ ತೆರೆದುಕೊಂಡು ನಿಂತಿದ್ದಳು, ಹಕ್ಕಿಮರಿಯ ಹಾಗೆ.

ಅಜ್ಜಿ ಚಮಚ ನೋಡಿದಳು. ಮಕ್ಕಳನ್ನು ನೋಡಿದಳು. ಒಂದು ಬಿಸ್ಕತ್ತನ್ನೂ ಏಳು ಚೂರು ಮಾಡುವ ಮನೆ ಅದು. ಒಬ್ಬರಿಗೆ ಕೊಟ್ಟು ಆರು ಜನರನ್ನು ಬಾಯಿ ನೋಡಿಕೊಂಡು ನಿಲ್ಲಿಸುವುದು ಅಲ್ಲಿ ಎಂದೂ ನಡೆದಿರಲಿಲ್ಲ.

"ನರ್ಸ್ ನನಗೆ ಮಾತ್ರ ಅಂದಿದ್ರು ಅಜ್ಜಿ..." ಲೆಸಿಯೇಲಿ ಹೇಳತೊಡಗಿದಳು. ಅಷ್ಟರಲ್ಲಿ ಚಮಚ ಹಿನಾಳ ಬಾಯಿಗೆ ಹೋಗಿತ್ತು.

"ಒಳ್ಳೇದು ಅಂದ್ರೆ ಎಲ್ರಿಗೂ ಒಳ್ಳೇದೇ," ಎಂದಳು ಅಜ್ಜಿ. "ಮುಂದಿನವರು ಬನ್ನಿ."

ಒಂದೇ ಸಂಜೆಗೆ ಏಳು ಚಮಚ. ಎರಡನೇ ದಿನ ಮತ್ತೆ ಏಳು. ಬಾಟ್ಲಿಯೊಳಗಿನ ಗೆರೆ ಸರಸರ ಇಳಿಯುತ್ತಿತ್ತು. ಲೆಸಿಯೇಲಿಗೆ ಕೂತಲ್ಲಿ ಕೂರಲಾಗಲಿಲ್ಲ. ಕಾಲಿನ ಬುಸುಬುಸು ಎದೆಗೂ ಏರಿದಂತಿತ್ತು. ಅಜ್ಜಿಗೆ ಎದುರು ಮಾತಾಡುವುದು ಹೇಗೆ? ತಂಗಿಗೆ ಕೊಡಬೇಡ ಎನ್ನುವುದು ಹೇಗೆ? ಮೂರನೇ ದಿನ, ಶನಿವಾರ, ಕೊನೆಯ ಚಮಚ ಸೆಮಿಸಿಗೆ ಬಂದಾಗ ಬಾಟ್ಲಿ ತಲೆಕೆಳಗಾಗಿ ನಿಂತಿತ್ತು. ಅವನು ಅದರ ಕತ್ತಿಗೂ ನಾಲಿಗೆ ಹಾಕಿದ.

ಭಾನುವಾರ ಬೆಳಿಗ್ಗೆ ಮನೆ ಹಿಂದಿನ ಕಕ್ಕಸಿನಿಂದ ಒಂದು ಚೀರಾಟ ಕೇಳಿತು.

"ಅಜ್ಜೀ! ನಾನು ಸಾಯ್ತಾ ಇದೀನಿ!"

ಸೆಮಿಸಿ ಚರ್ಚಿಗೆಂದು ಹಾಕಿದ್ದ ಬಿಳಿ ಅಂಗಿಯನ್ನು ಎತ್ತಿ ಹಿಡಿದು ಓಡಿ ಬಂದ. "ಕಪ್ಪು! ಟಾರು ಥರ ಕಪ್ಪು!"

"ನಂದೂ ಕಪ್ಪು," ಎಂದ ಅವನ ತಮ್ಮ, ತಗ್ಗಿದ ದನಿಯಲ್ಲಿ. ಅವನು ನಿನ್ನೆಯಿಂದ ಯಾರಿಗೂ ಹೇಳದೆ ಒಬ್ಬನೇ ಹೆದರಿಕೊಂಡಿದ್ದ.

ವಿಚಾರಿಸಿದರೆ ಏಳೂ ಜನರದು ಕಪ್ಪೇ. ಅಜ್ಜಿ ಹಿನಾಳನ್ನು ಕಂಕುಳಲ್ಲಿ ಎತ್ತಿಕೊಂಡು, ಉಳಿದವರನ್ನು ಹಿಂದೆ ಹಾಕಿಕೊಂಡು, ಸೀದಾ ಚರ್ಚಿನ ಗೇಟಿಗೆ ನಡೆದಳು. ಪ್ರಾರ್ಥನೆಗೆ ಬರುತ್ತಿದ್ದ ನರ್ಸ್ ಎಸೇತಾರನ್ನು ಅಲ್ಲೇ ತಡೆದಳು.

ಎಲ್ಲ ಕೇಳಿದ ಮೇಲೆ ನರ್ಸ್ ಮೊದಲು ಸೆಮಿಸಿಯನ್ನು ನೋಡಿ ನಕ್ಕರು. "ಸಾಯಲ್ಲ ಕಣೋ. ಮೈಗೆ ಸೇರದೆ ಉಳಿದ ಕಬ್ಬಿಣ ಹಂಗೆ ಕಪ್ಪಗೆ ಹೊರಗೆ ಬರುತ್ತೆ." ಆಮೇಲೆ ಅವರ ಕಣ್ಣು ಹಿನಾಳ ಮೇಲೆ ಬಿತ್ತು. ನಗು ನಿಂತಿತು. "ಈ ಪುಟ್ಟಿಗೂ ಕೊಟ್ರಾ? ದಿನಾ? ವಾಂತಿ ಆಯ್ತಾ? ಹೊಟ್ಟೆ ನೋವು ಅಂದ್ಳಾ?"

"ಇಲ್ಲಮ್ಮ. ಆಡ್ಕೊಂಡಿದಾಳೆ."

ನರ್ಸ್ ಹಿನಾಳ ಹೊಟ್ಟೆ ಮುಟ್ಟಿ ನೋಡಿದರು, ನಾಲಿಗೆ ನೋಡಿದರು. "ದೇವರು ದೊಡ್ಡವನು. ಅಜ್ಜಿ, ಮೈಯೊಳಗೆ ಸೇರಿದ ಕಬ್ಬಿಣಕ್ಕೆ ಹೊರಗೆ ಹೋಗೋಕೆ ಬಾಗಿಲೇ ಇಲ್ಲ. ಚಿಕ್ಕ ಮಕ್ಕಳಿಗೆ ಒಂದೇ ಸಲ ಜಾಸ್ತಿಯಾದ್ರೆ ವಿಷ. ಪ್ರಾಣಕ್ಕೇ ಬರುತ್ತೆ. ಲೆಸಿಗೆ ಮಾತ್ರ ಅಂತ ಹೇಳಿರ್ಲಿಲ್ವಾ ನಾನು?"

"ನೀನು ಹೇಳಿದ್ದೆ. ನಂಗೇನು ಕಿವುಡಾ?" ಅಜ್ಜಿ ಹಿನಾಳನ್ನು ಇನ್ನಷ್ಟು ಅವಚಿಕೊಂಡಳು. "ನೀನೇ ಹೇಳು ಎಸೇತಾ. ಏಳು ಮಕ್ಕಳಲ್ಲಿ ಒಬ್ಬಳಿಗೆ ಕೊಟ್ಟು ಆರು ಜನರ ಮುಖ ಹೆಂಗೆ ನೋಡ್ಲಿ? ನನ್ನ ಕೈಯಲ್ಲಿ ಆಗಲ್ಲ. ನಾನು ಎಲ್ರಿಗೂ ಒಂದೇ ಸಮ ಹಂಚೋಳು."

ನರ್ಸ್ ಏಳೂ ಮಕ್ಕಳನ್ನು ಒಮ್ಮೆ ನೋಡಿದರು. ಆಮೇಲೆ ಕೇಳಿದರು: "ಊರಲ್ಲಿ ಸಾವಾದಾಗ, ಮದುವೆಯಾದಾಗ ಎಲ್ರಿಗೂ ಒಂದೇ ಸಮ ಹಂಚ್ತೀರಾ ಅಜ್ಜಿ?"

"ಅದು ಹೆಂಗಾಗುತ್ತೆ? ಒಳ್ಳೇ ಚಾಪೆ, ದೊಡ್ಡ ಹಂದಿ ಸೋದರತ್ತೆಗೆ, ಮನೆತನಕ್ಕೆಲ್ಲ ಅವಳೇ ದೊಡ್ಡೋಳಲ್ವಾ. ಆಮೇಲೆ ಪಾದ್ರಿಗಳಿಗೆ. ಮಿಕ್ಕಿದ್ದು ಮಿಕ್ಕೋರಿಗೆ."

"ಮೈಯೂ ಹಂಗೇ ಹಂಚೋದು. ರಕ್ತ ಅಂದ್ರೆ ಮೈಯ ಸೋದರತ್ತೆ. ಕಬ್ಬಿಣ ಬಂದ್ರೆ ಮೊದಲನೇ ಪಾಲು ಅವಳಿಗೆ. ಉಸಿರು ಹೊರೋಳು ಅವಳಲ್ವಾ? ಆಮೇಲೆ ಕೈಕಾಲಿನ ಮಾಂಸಕ್ಕೆ. ಮಿಕ್ಕಿದ್ರೆ ಲಿವರ್‌ನಲ್ಲಿರೋ ಉಗ್ರಾಣಕ್ಕೆ. ಕಾಲನ್ನ ಸುಮ್ಮನಿರ್ಸೋ ಕೆಲಸಕ್ಕೂ ಅದರಲ್ಲೇ ಒಂಚೂರು. ಲೆಸಿಯ ಉಗ್ರಾಣ ಖಾಲಿ ಅಜ್ಜಿ. ಅವಳ ಕಾಲು ಸಾಲಿನ ಕಟ್ಟಕಡೇಲಿ ಖಾಲಿ ತಟ್ಟೆ ಹಿಡ್ಕೊಂಡು ನಿಂತಿದೆ."

ಅಜ್ಜಿ ಲೆಸಿಯೇಲಿಯ ಕಾಲನ್ನೇ ನೋಡುತ್ತಿದ್ದಳು.

"ಇನ್ನೊಂದು ಬಾಟ್ಲಿ?" ಎಂದು ಕೇಳಿದಳು ಕೊನೆಗೆ.

"ಹಡಗಲ್ಲಿ ಬರ್ಬೇಕು. ಜುಬಿಲಿ ಕಳೆದ್ಮೇಲೆ."

ಚರ್ಚಿನ ಗಂಟೆ ಹೊಡೆಯಿತು. ಎಲ್ಲರೂ ಒಳಗೆ ಹೋದರು. ಲೆಸಿಯೇಲಿ ಮಾತ್ರ ಗೇಟಿನ ಹತ್ತಿರವೇ ನಿಂತಳು. ಅಳು ಬರುತ್ತಿತ್ತು. ಆಗ ಅವಳಿಗೆ ಒಂದು ವಿಷಯ ಗಮನಕ್ಕೆ ಬಂತು. ಇಷ್ಟು ಹೊತ್ತು ನಿಂತಿದ್ದರೂ, ಅದಕ್ಕೆ ಮುಂಚೆ ತಿಂಡಿಗೆ ಕುಳಿತಿದ್ದಾಗಲೂ, ಕಾಲು ತೆಪ್ಪಗಿತ್ತು. ನಿನ್ನೆ ಬೆಳಿಗ್ಗೆ? ಆಗಲೂ ತೆಪ್ಪಗಿತ್ತು. ಮೊನ್ನೆ? ಆಗಲೂ. ಶಾಲೆಯಲ್ಲಿ ಯಾವ ಟೀಚರೂ ಅವಳ ಕಾಲಿಗೆ ಬೈದಿರಲಿಲ್ಲ. ಬೈದದ್ದೆಲ್ಲ ಸಂಜೆಯೇ.

ಎರಡು ದಿನ ಅವಳು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಗುರುತು ಹಾಕಿದಳು. ಏಳು ಗಂಟೆ, ತೆಪ್ಪಗೆ. ಹತ್ತು, ತೆಪ್ಪಗೆ. ಎರಡು, ತೆಪ್ಪಗೆ. ನಾಲ್ಕು, ಸ್ವಲ್ಪ. ಐದು, ಸೋಡಾ.

ಬುಧವಾರ ಶಾಲೆಗೆ ಮುಂಚೆ ಹವಿಲಿ ಮೇಷ್ಟ್ರ ಮನೆಗೆ ಹೋದಳು. ಅವರು ಅರ್ಧ ಮುಖಕ್ಕೆ ಸೋಪು ಹಚ್ಚಿಕೊಂಡು ಜಗಲಿಯಲ್ಲಿ ನಿಂತಿದ್ದರು.

"ಸರ್, ಈಗ ಟೆಸ್ಟ್ ಮಾಡಿ ನನ್ನನ್ನ."

"ಈಗಲಾ? ಶೇವಿಂಗ್ ಮಾಡ್ಕೋತಿದೀನಿ ಕಣೇ."

ಅಷ್ಟರಲ್ಲಿ ಲೆಸಿಯೇಲಿ ಜಗಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಾಗಿತ್ತು. ಮೇಷ್ಟ್ರು ಒಂದು ಬಿಸ್ಕತ್ ಡಬ್ಬ ಬೋರಲು ಹಾಕಿ ತಾಳ ಹಾಕಿದರು. ಅವಳು ಮೊದಲಿನಿಂದ ಕೊನೆಯವರೆಗೆ ಹಾಡಿದಳು, ಕೈ ಕುಣಿಸಿದಳು, ಕತ್ತು ಕೊಂಕಿಸಿದಳು. ಕಾಲು ಒಂದು ಸಲವೂ ಅಲ್ಲಾಡಲಿಲ್ಲ. ಮೇಷ್ಟ್ರ ಕೆನ್ನೆಯ ಸೋಪು ಒಣಗಿ ಬಿಳಿ ಹಕ್ಕಳೆಯಾಗಿತ್ತು.

"ಮತ್ತೆ ಸಂಜೆ ಏನಾಗುತ್ತೆ ನಿಂಗೆ?"

"ಸಂಜೆ ಕಾಲೊಳಗೆ ಸೋಡಾ ಓಪನ್ ಆಗುತ್ತೆ ಸರ್." ಅವಳು ನೋಟ್‌ಬುಕ್ ತೋರಿಸಿದಳು, ಬಾಟ್ಲಿಯ ಕತೆಯನ್ನೂ ಹೇಳಿದಳು.

ಮೇಷ್ಟ್ರು ಹಾಳೆಯನ್ನು ಎರಡು ಸಲ ಓದಿದರು. "ನಮ್ಮ ಕುಣಿತ ಇರೋದು ಬೆಳಿಗ್ಗೆ ಹತ್ತಕ್ಕೆ. ನಡುವಿನ ಜಾಗ ನಿಂದೇ, ಹೋಗು."

ಜುಬಿಲಿಯ ದಿನ ಬೆಳಿಗ್ಗೆ ಎಂಟಕ್ಕೇ ಮಕ್ಕಳು ಎಲೆಯ ಸೊಂಟಪಟ್ಟಿ ಕಟ್ಟಿ, ಕೈಗೆ ಎಣ್ಣೆ ಹಚ್ಚಿ ಸಿದ್ಧರಾದರು. ಹತ್ತು ಗಂಟೆಯಾಯಿತು. ದೊಡ್ಡ ದ್ವೀಪದಿಂದ ಬರಬೇಕಿದ್ದ ದೊರೆಗಳ ದೋಣಿ ಬಂದಿರಲಿಲ್ಲ. ಹನ್ನೊಂದೂವರೆಗೆ ಬಂತು. ಪ್ರಾರ್ಥನೆ ಆಯಿತು. ಪಾದ್ರಿಗಳು ಮಾತಾಡಿದರು. ಹಳೆಯ ಹೆಡ್‌ಮಾಸ್ತರು ಮಾತಾಡಿದರು, ತಮ್ಮ ಭಾಷಣದ ನಡುವೆ ತಾವೇ ಅತ್ತರು, ಮತ್ತೆ ಮಾತಾಡಿದರು. ದೊಡ್ಡ ಶಾಲೆಯವರ ಎರಡು ಕುಣಿತ ಆಯಿತು.

ಲೆಸಿಯೇಲಿ ತೆಂಗಿನ ಮರದ ನೆರಳನ್ನೇ ನೋಡುತ್ತಿದ್ದಳು. ನೆರಳು ಅವಳ ಪಾದ ದಾಟಿ, ಚಾಪೆ ದಾಟಿ, ನಗಾರಿಯವರೆಗೆ ಹೋಯಿತು. ಎರಡು ಗಂಟೆ. ಮೂರು. ನಾಲ್ಕು.

"ನೆಕ್ಸ್ಟ್ ನಾವೇ," ಎಂದ ಸೆಮಿಸಿ.

ಆಗಲೇ ಮೀನಖಂಡದೊಳಗೆ ಮೊದಲ ಗುಳ್ಳೆ ಎದ್ದಿತು. ಅವಳು ಪಾದ ಒತ್ತಿದಳು. ಇನ್ನೊಂದು ಗುಳ್ಳೆ. ಹಲ್ಲು ಕಚ್ಚಿದಳು. ಬುಸುಬುಸು.

ಹಲ್ಲು ಕಚ್ಚಿದರೆ ಏನೂ ಆಗುವುದಿಲ್ಲ ಎಂದು ಈಗ ಅವಳಿಗೆ ಗೊತ್ತಿತ್ತು. ಅದು ಹಟವಲ್ಲ, ಕೆಟ್ಟ ನಡತೆಯಲ್ಲ. ಖಾಲಿ ತಟ್ಟೆ, ಅಷ್ಟೇ. ನಡುವಿನ ಜಾಗವನ್ನು ಒಂದು ಸಲ ನೋಡಿದಳು. ಆಮೇಲೆ ಎದ್ದು ಮೇಷ್ಟ್ರ ಹತ್ತಿರ ಹೋದಳು.

"ಸರ್, ಸೋಡಾ ಓಪನ್ ಆಯ್ತು."

ಮೇಷ್ಟ್ರು ಸೂರ್ಯನನ್ನು ನೋಡಿದರು, ಅವಳನ್ನು ನೋಡಿದರು. "ಈಗೇನ್ ಮಾಡೋಣ?"

"ನನ್ನ ಬೆಂಚಿನ ಸಾಲಿಗೆ ಹಾಕಿ ಸರ್. ನಿಂತ್ಕೊಂಡ್ರೆ ಕಾಲು ಅಲ್ಲಾಡಿಸ್ಬಹುದು, ಯಾರಿಗೂ ಕಾಣಲ್ಲ. ಸೆಮಿಸಿನ ನಡುವೆ ಕೂರ್ಸಿ. ಅವನಿಗೆ ನನ್ನ ಕೈಯೆಲ್ಲ ಬರುತ್ತೆ. ದಿನಾ ಅಣಕಿಸಿ ಅಣಕಿಸಿ ಕಲ್ತಿದಾನೆ."

ಸೆಮಿಸಿಯ ಬಾಯಿ ತೆರೆದೇ ಇತ್ತು. ಎರಡು ವಾರದಲ್ಲಿ ಮೊದಲ ಸಲ ಅವನಿಗೆ ಏನೂ ತಮಾಷೆ ಹೊಳೆಯಲಿಲ್ಲ.

ನಗಾರಿ ಬಡಿಯಿತು. ಬೆಂಚಿನ ಮೇಲಿನಿಂದ ಲೆಸಿಯೇಲಿಗೆ ಎಲ್ಲ ಕಂಡಿತು. ಎದುರಿಗೆ ದೊರೆಗಳು, ಪಾದ್ರಿಗಳು. ಅಲ್ಲೇ ಪಕ್ಕದಲ್ಲಿ ಅಜ್ಜಿ. ಅಜ್ಜಿ ನಡುವಿನ ಜಾಗ ನೋಡಿದಳು, ಅಲ್ಲಿ ಸೆಮಿಸಿ. ಅವಳ ಕಣ್ಣು ಗಾಬರಿಯಿಂದ ಸಾಲಿನ ಉದ್ದಕ್ಕೂ ಹುಡುಕಿತು. ಹಿಂದಿನ ಸಾಲಿಗೆ ಹೋಯಿತು. ಮೇಲಕ್ಕೆ ಬಂತು. ಲೆಸಿಯೇಲಿ ಕೈ ತಿರುಗಿಸುತ್ತಲೇ, ಕತ್ತು ಕೊಂಕಿಸುವ ಜಾಗಕ್ಕೆ ಬಂದಾಗ, ಬೇಕಂತಲೇ ಅಜ್ಜಿಯ ಕಡೆಗೆ ಕೊಂಕಿಸಿದಳು. ಮುಂದಿನವರ ಬೆನ್ನ ಹಿಂದೆ ಅವಳ ಕಾಲುಗಳು ಒಂದಾದ ಮೇಲೆ ಒಂದು ಭಾರ ಬದಲಿಸುತ್ತಿದ್ದವು.

ಕುಣಿತ ಮುಗಿದು, ದೊಡ್ಡವರ ಊಟ ಮುಗಿದು, ಮಕ್ಕಳ ಸರದಿ ಬಂದಾಗ ಬಿಸಿಲು ಹಳದಿಯಾಗಿತ್ತು. ಏಳೂ ಮಕ್ಕಳು ಟಾರ್ಪಾಲಿನ ಅಡಿ ಸಾಲಾಗಿ ಕುಳಿತರು. ಅಜ್ಜಿ ಒಂದು ಬಾಳೆಲೆಯ ಪೊಟ್ಟಣ ಹಿಡಿದು ಬಂದಳು. ಬಿಚ್ಚಿದರೆ, ಬೆಂದ ಹಂದಿಯ ಲಿವರ್. ಅದು ಪಾದ್ರಿಗಳಿಗೂ ಸೋದರತ್ತೆಯರಿಗೂ ಹೋಗುವ ಭಾಗ. ಅದನ್ನು ಅಜ್ಜಿ ಯಾರ ಹತ್ತಿರ ಹೇಗೆ ಕೇಳಿ ತಂದಳೋ.

ಇಡೀ ತುಂಡನ್ನು ಅವಳು ಲೆಸಿಯೇಲಿಯ ಎಲೆಯ ಮೇಲೆ ಇಟ್ಟಳು. ಆರು ಜೋಡಿ ಕಣ್ಣು ಅತ್ತ ತಿರುಗಿದವು. ಹಿನಾಳ ಬಾಯಿ ತೆರೆಯಿತು. ಅಜ್ಜಿ ಯಾರ ಮುಖವನ್ನೂ ನೋಡಲಿಲ್ಲ. ಖಾಲಿ ಬಾಳೆಲೆಯನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು.

ಲೆಸಿಯೇಲಿಯ ಬೆರಳುಗಳು ತಾವಾಗಿಯೇ ತುಂಡನ್ನು ಮುರಿಯತೊಡಗಿದವು. ಒಂದು ಚೂರು, ಎರಡು, ಮೂರು... ಏಳು ಆಗಬೇಕು.

"ನಂಗೆ ಬೇಡಪ್ಪ," ಎಂದ ಸೆಮಿಸಿ, ತನ್ನ ಎಲೆಯ ಕೋಳಿಯ ತೊಡೆಯನ್ನು ಹಿನಾಳ ಬಾಯಿಗೆ ಕೊಟ್ಟು. "ಮತ್ತೆ ಕಪ್ಪಗಾದ್ರೆ?"

ಲೆಸಿಯೇಲಿ ತಲೆ ಎತ್ತಿದಳು. ಅಜ್ಜಿ ಇನ್ನೂ ಬಾಳೆಲೆ ಮಡಿಸುತ್ತಿದ್ದಳು. ಅದು ಹರಿದು ನಾರುನಾರಾಗಿತ್ತು.

ಲೆಸಿಯೇಲಿ ಮೊದಲ ಚೂರನ್ನು ಬಾಯಿಗೆ ಹಾಕಿಕೊಂಡಳು. ಅಗಿದಳು. ನುಂಗಿದಳು. ಎರಡನೆಯದನ್ನು ತೆಗೆದುಕೊಂಡಳು. ಎಲ್ಲರ ನಡುವೆ ಕುಳಿತು ಒಬ್ಬಳೇ ತಿನ್ನುವುದು ಇಷ್ಟು ಕಷ್ಟ ಎಂದು ಅವಳಿಗೆ ಗೊತ್ತಿರಲಿಲ್ಲ. ಆದರೂ ಕೊನೆಯ ಚೂರಿನವರೆಗೆ ತಿಂದಳು, ಅಜ್ಜಿ ತಲೆ ಎತ್ತಿ ತನ್ನನ್ನು ನೋಡುವವರೆಗೆ.